ದಿಲ್‌ನ ಫೈಲನ್ನು ಸೀನಾದ ಡಾಕ್ಟರಿಗೂ ತೋರಿಸಿ

ನಿಮ್ಮ ಮನೆಯ ಕಪಾಟಿನ ಮೇಲಿರುವ ಸೂಟ್‌ಕೇಸನ್ನು ಒಮ್ಮೆ ಇಳಿಸಿ ನೋಡಿ. ನಿಕಾಹ್‌ನಾಮಾ, ಮನೆಯ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಕೆಳಗೆ ಯಾರದೋ ಹೃದಯದ ಚಿಕಿತ್ಸೆಯ ಫೈಲ್ ಇರುತ್ತದೆ. ಚಿಕಿತ್ಸೆ ಆಯಿತು, ಅಲ್‌ಹಮ್ದುಲಿಲ್ಲಾಹ್ ಗುಣವೂ ಆಯಿತು, ಇನ್ನು ಈ ಕಾಗದಗಳಿಗೆ ಏನು ಕೆಲಸ ಎಂದು ಅಲ್ಲಿ ಇಟ್ಟಿರುತ್ತೇವೆ. ಮನೆಯಲ್ಲಿ ಮದುವೆ ವಯಸ್ಸಿನ ಮಗಳಿದ್ದರೆ ಆ ಫೈಲ್ ಇನ್ನೂ ಕೆಳಗೆ ಹೋಗುತ್ತದೆ.

ನನ್ನ ಖಾಲೂ ಅವರ ಫೈಲ್ ಹಾಗೆಯೇ ಇತ್ತು. ತಿಲಕ್‌ನಗರದಲ್ಲಿ ಅವರ ಮನೆ. ಐವತ್ತೆಂಟರ ವಯಸ್ಸು. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆ ಅವರಿಗಿತ್ತು. ಮಾತ್ರೆಗಳಿಗೆ ಅದು ಬಗ್ಗದಿದ್ದಾಗ ಅಬ್ಲೇಶನ್ ಮಾಡಿಸಿದರು. ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳಗಿನ ಕೆಥೆಟರನ್ನು ಹೃದಯದವರೆಗೆ ಕಳಿಸಿ, ಕೆಟ್ಟ ಸಂಕೇತ ಹುಟ್ಟುವ ಜಾಗವನ್ನು ಸುಡುವ ಚಿಕಿತ್ಸೆ ಅದು. ಮೂರನೇ ದಿನ ಮನೆಗೆ ಬಂದರು. ಬಡಿತ ಸರಿಹೋಯಿತು. ಬಿರಿಯಾನಿ ಮಾಡಿ ನೆಂಟರಿಗೆಲ್ಲ ಹಂಚಿದೆವು.

ನಾಲ್ಕು ತಿಂಗಳ ನಂತರ ಕೆಮ್ಮು ಶುರುವಾಯಿತು. ಮಸೀದಿಯ ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಫಜ್ರ್ ಹೊತ್ತಿಗೆ ವುಝೂ ಮಾಡುವಾಗ ಬೇಸಿನ್ನಿನಲ್ಲಿ ಕಫದ ಜೊತೆ ರಕ್ತ ಕಾಣಿಸಿತು. ಹತ್ತಿರದ ಕ್ಲಿನಿಕ್ಕಿಗೆ ಹೋದರು, ಎಕ್ಸ್‌ರೇ ಆಯಿತು, ನ್ಯುಮೋನಿಯಾ ಎಂದರು. ಎರಡು ಬಾರಿ ಆ್ಯಂಟಿಬಯಾಟಿಕ್ ಮುಗಿಸಿದರೂ ಎಡಗಡೆಯ ಮಬ್ಬು ಹೋಗಲಿಲ್ಲ. ಇನ್ನೊಂದು ಕಡೆ ತೋರಿಸಿದಾಗ, ಕಫದಲ್ಲಿ ಟಿಬಿಯ ರೋಗಾಣು ಸಿಗದಿದ್ದರೂ, ಟಿಬಿ ಇರಬಹುದೆಂದು ಔಷಧ ಶುರುಮಾಡಿದರು. ಎರಡು ತಿಂಗಳು ಹಾಗೇ ಕಳೆಯಿತು.

ಈ ಅವಧಿಯಲ್ಲಿ ಯಾರೂ ಹೃದಯದ ಬಗ್ಗೆ ಕೇಳಲಿಲ್ಲ. ನಾವೂ ಹೇಳಲಿಲ್ಲ. ಖಾಲೂ ಹೇಳಿದ್ದು ಇಷ್ಟೇ: "ಅದು ದಿಲ್‌ನ ವಿಷಯ, ಮುಗಿಯಿತು. ಇದು ಸೀನಾದ ವಿಷಯ." ಖಾಲಾಗೆ ಬೇರೆ ಕಾರಣವಿತ್ತು. ಮಗಳಿಗೆ ಮೈಸೂರಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗಿಯ ತಂದೆ ಹಾರ್ಟ್ ಪೇಷೆಂಟ್ ಎಂಬ ಮಾತು ಹರಡುವುದು ಅವರಿಗೆ ಬೇಡವಾಗಿತ್ತು. ಕೊನೆಗೆ ಒಬ್ಬ ಹಿರಿಯ ಎದೆರೋಗ ತಜ್ಞರು ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟು ನೋಡಿ, "ಕಳೆದ ಒಂದು ವರ್ಷದಲ್ಲಿ ಇವರಿಗೆ ಏನಾದರೂ ಪ್ರೊಸೀಜರ್ ಆಗಿದೆಯಾ?" ಎಂದು ಕೇಳಿದರು. ಖಾಲೂ ಸುಮ್ಮನಿದ್ದರು. ಖಾಲಾ ನನ್ನ ಮುಖ ನೋಡಿದರು. ನಾನು ಹೇಳಿಬಿಟ್ಟೆ. ವೈದ್ಯರು ಪೆನ್ನು ಕೆಳಗಿಟ್ಟು, "ಮೊದಲು ಆ ಫೈಲ್ ತನ್ನಿ" ಎಂದರು.

ಡೈ ಹಾಕಿ ಮಾಡಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಉತ್ತರ ಸಿಕ್ಕಿತು. ಎಡ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಎರಡು ನಾಳಗಳಲ್ಲಿ ಒಂದು ಪೂರ್ತಿ ಮುಚ್ಚಿತ್ತು. ಇನ್ನೊಂದು ದಾರದಷ್ಟು ಉಳಿದಿತ್ತು.

ಈ ಪುಟಕ್ಕೆ ಬರೆಯುವ ನಾನು ವೈದ್ಯೆಯಲ್ಲ. ಆದರೆ ಆ ದಿನದಿಂದ ಈ ಕಾಯಿಲೆಯ ಬಗ್ಗೆ ಕೇಳಿ, ಓದಿ ತಿಳಿದುಕೊಂಡಿದ್ದನ್ನು ನಿಮಗೆ ಹೇಳದೆ ಇರಲಾರೆ. ಇದು ಅಪರೂಪದ ಕಾಯಿಲೆ, ಹೆದರಿಸಲು ಬರೆಯುತ್ತಿಲ್ಲ. ಅಪರೂಪವಾದ್ದರಿಂದಲೇ ಅದನ್ನು ಬೇರೆ ಹೆಸರಿನಿಂದ ಕರೆದು ತಿಂಗಳುಗಟ್ಟಲೆ ಕಳೆಯುವುದು ಸುಲಭ.

ದೇಹದಿಂದ ಬಂದ ಕೆಟ್ಟ ರಕ್ತವನ್ನು ಹೃದಯದ ಬಲಭಾಗ ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಹೃದಯದ ಎಡಗಡೆಯ ಮೇಲಿನ ಕೋಣೆಗೆ ವಾಪಸಾಗುತ್ತದೆ. ಹೀಗೆ ವಾಪಸ್ ತರುವ ನಾಳಗಳೇ ಶ್ವಾಸಕೋಶದ ಅಭಿಧಮನಿಗಳು, ಆಸ್ಪತ್ರೆಯ ಮಾತಿನಲ್ಲಿ ಪಲ್ಮನರಿ ವೇನ್‌ಗಳು. ಸಾಮಾನ್ಯವಾಗಿ ಬಲದಿಂದ ಎರಡು, ಎಡದಿಂದ ಎರಡು, ಒಟ್ಟು ನಾಲ್ಕು ಇರುತ್ತವೆ. ಬಿಟಿಎಂ ಲೇಔಟ್ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ರಾಜಕಾಲುವೆ ಮುಂದೆಲ್ಲೋ ಕಟ್ಟಿಕೊಂಡರೆ ಮಳೆಯ ನೀರು ಹಿಂದಕ್ಕೆ ಬಂದು ಮನೆಯೊಳಗೆ ನಿಲ್ಲುತ್ತದಲ್ಲವೇ? ಹಾಗೆಯೇ ಈ ನಾಳ ಕಿರಿದಾದರೆ ರಕ್ತ ಶ್ವಾಸಕೋಶದಲ್ಲೇ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ, ನೀರು ಜಿನುಗುತ್ತದೆ, ಸಣ್ಣ ನಾಳಗಳು ಒಡೆದು ಕಫದಲ್ಲಿ ರಕ್ತ ಬರುತ್ತದೆ. ಎಕ್ಸ್‌ರೇಯಲ್ಲಿ ಅದು ನ್ಯುಮೋನಿಯಾದಂತೆಯೇ ಕಾಣಬಹುದು. ಆಗ ಆ್ಯಂಟಿಬಯಾಟಿಕ್ ಕೊಡುವುದೆಂದರೆ ಕಾಲುವೆಯ ಕಸ ತೆಗೆಯದೆ ಮನೆಯ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಸುರಿದಂತೆ.

ರಕ್ತದ ಈ ದಾರಿಯನ್ನು ಸರಿಯಾಗಿ ಬರೆದಿಟ್ಟವರಲ್ಲಿ ಮೊದಲಿಗರು 13ನೇ ಶತಮಾನದ ಇಬ್ನ್ ಅನ್ನಫೀಸ್. ಡಮಾಸ್ಕಸ್ಸಿನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದವರು, 1288ರಲ್ಲಿ ತೀರಿಕೊಂಡರು. ಹೃದಯದ ನಡುಗೋಡೆಯಲ್ಲಿ ಕಾಣದ ರಂಧ್ರಗಳಿವೆ, ರಕ್ತ ಅದರ ಮೂಲಕ ದಾಟುತ್ತದೆ ಎಂದು ಗೇಲನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಇಬ್ನ್ ಸೀನಾರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ ಇಬ್ನ್ ಅನ್ನಫೀಸ್ ಅದನ್ನು ಒಪ್ಪಲಿಲ್ಲ. ರಕ್ತ ಶ್ವಾಸಕೋಶಕ್ಕೆ ಹೋಗಿಯೇ ಎಡಭಾಗಕ್ಕೆ ಬರಬೇಕು ಎಂದರು. ಸಭೆಗಳಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲಿ. ಆದರೆ ಹೃದಯವೂ ಶ್ವಾಸಕೋಶವೂ ಒಂದೇ ದಾರಿಯ ಎರಡು ತುದಿಗಳು ಎಂಬುದು ಅವರ ಮಾತಿನ ಸಾರ. ನಮ್ಮ ಖಾಲೂ, ಎರಡು ಕ್ಲಿನಿಕ್ಕಿನ ವೈದ್ಯರು, ನಾನು, ಎಲ್ಲರೂ ಅದನ್ನು ಮರೆತಿದ್ದೆವು.

ಇನ್ನು ಅಬ್ಲೇಶನ್‌ಗೂ ಈ ನಾಳಕ್ಕೂ ಏನು ಸಂಬಂಧ? 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು, ಬಡಿತದ ತಾಳ ತಪ್ಪಿಸುವ ಕಿಡಿಗಳು ಹೆಚ್ಚಾಗಿ ಈ ಅಭಿಧಮನಿಗಳ ಒಳಗಿನಿಂದಲೇ ಹುಟ್ಟುತ್ತವೆ ಎಂದು ತೋರಿಸಿದರು. ಅಲ್ಲಿಂದ ಆ ಜಾಗವನ್ನು ಸುಡುವ ಚಿಕಿತ್ಸೆ ಬೆಳೆಯಿತು. ಮೊದಮೊದಲು ನಾಳದ ಒಳಗೇ ಸುಡುತ್ತಿದ್ದರು. ಸುಟ್ಟ ಗಾಯ ಮಾಗುವಾಗ ಚರ್ಮ ಬಿಗಿಯುವುದನ್ನು ನೀವು ನೋಡಿದ್ದೀರಿ, ನಾಳವೂ ಹಾಗೇ ಬಿಗಿದು ಕಿರಿದಾಗುತ್ತಿತ್ತು. ಅದು ಅರಿವಾದ ಮೇಲೆ ನಾಳದ ಬಾಯಿಯಿಂದ ಹೊರಗೆ, ಹೃದಯದ ಕೋಣೆಯ ಗೋಡೆಯಲ್ಲಿ ಸುತ್ತ ಸುಡುವ ಕ್ರಮ ಬಂತು. ಈಗ ತೀವ್ರವಾಗಿ ಕಿರಿದಾಗುವುದು ತೀರ ಕಡಿಮೆ. ಹಾಗಾಗಿ ವೈದ್ಯರು ಹೇಳಿದ್ದರೆ ಅಬ್ಲೇಶನ್ ಬೇಡವೆನ್ನಬೇಡಿ. ಖಾಲೂಗೂ ಬಡಿತದ ತೊಂದರೆ ನಿಜಕ್ಕೂ ಗುಣವಾಗಿದೆ. ನೆನಪಿಡಬೇಕಾದ್ದು ಬೇರೆ: ಈ ತೊಂದರೆ ಆಸ್ಪತ್ರೆಯಲ್ಲಿದ್ದಾಗ ಕಾಣುವುದಿಲ್ಲ. ವಾರಗಳು, ತಿಂಗಳುಗಳು ಕಳೆದು, ಎಲ್ಲರೂ ಮರೆತ ಮೇಲೆ ಬರುತ್ತದೆ.

ಅಬ್ಲೇಶನ್ ಒಂದೇ ಕಾರಣವಲ್ಲ. ಎದೆಯ ನಡುಭಾಗದ ಗಡ್ಡೆ ಒತ್ತಿದರೂ ಈ ನಾಳ ಕಿರಿದಾಗಬಹುದು. ಹಳೆಯ ಟಿಬಿಯಿಂದ ಅಲ್ಲಿ ಕಲೆಗಟ್ಟಿ ಬಿಗಿದುಕೊಂಡರೂ ಆಗಬಹುದು. ಅಂದರೆ ಟಿಬಿ ಕೆಲವೊಮ್ಮೆ ತಪ್ಪು ಹೆಸರು, ಕೆಲವೊಮ್ಮೆ ನಿಜವಾದ ಕಾರಣ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ದೇಶದಲ್ಲಿ ಕಫದಲ್ಲಿ ರಕ್ತ ಕಂಡರೆ ಮೊದಲು ನೋಡಬೇಕಾದ್ದು ಟಿಬಿಯನ್ನೇ. ಈ ಲೇಖನ ಓದಿ ಯಾರೂ ಕಫದ ಪರೀಕ್ಷೆ ತಪ್ಪಿಸಬಾರದು, ತಾವಾಗಿಯೇ ಟಿಬಿ ಔಷಧ ನಿಲ್ಲಿಸಲೂಬಾರದು. ಪರೀಕ್ಷೆಯಲ್ಲಿ ಟಿಬಿ ಸಿಗದಿದ್ದರೆ, ಔಷಧಕ್ಕೆ ಜಗ್ಗದಿದ್ದರೆ, ಹೃದಯವನ್ನೂ ಒಮ್ಮೆ ನೋಡಿ ಎಂದು ಕೇಳಿ. ಬಾಲ್ಯದ ವಾತಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದವರಲ್ಲೂ ಹೀಗೆಯೇ ರಕ್ತ ಕೆಮ್ಮುವುದುಂಟು. ಅದು ಈ ಕಾಯಿಲೆಗಿಂತ ನಮ್ಮಲ್ಲಿ ಹೆಚ್ಚು. ಒಂದು ಎಕೋ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.

ಆದರೆ ದೊಡ್ಡವರಲ್ಲಿ ಎದೆಯ ಮೇಲಿಟ್ಟು ಮಾಡುವ ಸಾಮಾನ್ಯ ಎಕೋದಲ್ಲಿ ಈ ಅಭಿಧಮನಿಗಳು ಸರಿಯಾಗಿ ಕಾಣುವುದಿಲ್ಲ. ಅವು ಹೃದಯದ ಹಿಂಬದಿಯಲ್ಲಿವೆ. "ಎಕೋ ನಾರ್ಮಲ್ ಬಂದಿದೆ" ಎಂದು ಸಮಾಧಾನಪಡಲಾಗದು. ಅನ್ನನಾಳದೊಳಗೆ ನಳಿಕೆ ಇಳಿಸಿ ಮಾಡುವ ಎಕೋದಲ್ಲಿ ಹೆಚ್ಚು ಕಾಣುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಡೈ ಹಾಕಿ ಮಾಡುವ ಸಿ.ಟಿ. ಅದರಲ್ಲೂ ಒಂದು ಸೂಕ್ಷ್ಮವಿದೆ. ರಕ್ತದ ಗಡ್ಡೆ ಹುಡುಕಲು ಮಾಡುವ ಸಿ.ಟಿ.ಯಲ್ಲಿ ಶ್ವಾಸಕೋಶಕ್ಕೆ ಹೋಗುವ ನಾಳದ ಮೇಲೆ ಎಲ್ಲರ ಕಣ್ಣಿರುತ್ತದೆ. ವಾಪಸ್ ಬರುವ ನಾಳವನ್ನು ನೋಡಿ ಎಂದು ಚೀಟಿಯಲ್ಲಿ ಬರೆಯದಿದ್ದರೆ ಅದು ತಪ್ಪಿಹೋಗಬಹುದು. ಆದ್ದರಿಂದ ಅಬ್ಲೇಶನ್ ಆದವರ ಸಿ.ಟಿ. ಚೀಟಿಯಲ್ಲಿ "ಅಬ್ಲೇಶನ್ ಆಗಿದೆ, ಪಲ್ಮನರಿ ವೇನ್ ನೋಡಿ" ಎಂಬ ಸಾಲು ಇದೆಯೇ ಎಂದು ವೈದ್ಯರನ್ನು ಮರ್ಯಾದೆಯಿಂದಲೇ ಕೇಳಿ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಹಿಂದೆ ಡೈಯಿಂದ ಅಲರ್ಜಿ ಆಗಿದ್ದರೆ ಮುಂಚೆಯೇ ತಿಳಿಸಿ. ಶ್ವಾಸಕೋಶದ ಯಾವ ಭಾಗಕ್ಕೆ ರಕ್ತ ಎಷ್ಟು ಹೋಗುತ್ತಿದೆ ಎಂದು ಅಳೆಯುವ ಇನ್ನೊಂದು ಸ್ಕ್ಯಾನ್ ಇದೆ, ಖಾಲೂಗೆ ಅದನ್ನೂ ಮಾಡಿದರು.

ನಾಳ ಅರ್ಧಕ್ಕಿಂತ ಕಡಿಮೆ ಕಿರಿದಾಗಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ನೂರಕ್ಕೆ 70ಕ್ಕಿಂತ ಹೆಚ್ಚು ಮುಚ್ಚಿದ್ದರೆ ಅದು ತೀವ್ರ. ಒಂದೇ ನಾಳ ಮುಚ್ಚಿದಾಗ ಉಳಿದ ಮೂರು ಕೆಲಸ ಹಂಚಿಕೊಳ್ಳುವುದರಿಂದ ಕೆಲವರಿಗೆ ಏನೂ ಅನ್ನಿಸುವುದೇ ಇಲ್ಲ. ಚಿಕಿತ್ಸೆ ಎಂದರೆ ಮತ್ತೆ ಕೆಥೆಟರ್: ತೊಡೆಯಿಂದ ಹೋಗಿ, ಹೃದಯದ ನಡುಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ ಎಡಕ್ಕೆ ದಾಟಿ, ಕಿರಿದಾದ ಜಾಗದಲ್ಲಿ ಬಲೂನ್ ಉಬ್ಬಿಸುವುದು ಅಥವಾ ಸ್ಟೆಂಟ್ ಕೂರಿಸುವುದು. ಬಲೂನ್ ಮಾತ್ರ ಮಾಡಿದರೆ ಮತ್ತೆ ಕಿರಿದಾಗುವ ಸಾಧ್ಯತೆ ಜಾಸ್ತಿ. ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು 2016ರಲ್ಲಿ ಪ್ರಕಟಿಸಿದ ತಮ್ಮ ಅನುಭವದಲ್ಲಿ ಬಲೂನ್ ಮಾಡಿದ ನಾಳಗಳಲ್ಲಿ ಅರ್ಧಕ್ಕೂ ಹೆಚ್ಚು, ಸ್ಟೆಂಟ್ ಹಾಕಿದವುಗಳಲ್ಲಿ ಸುಮಾರು ಕಾಲು ಭಾಗ ಮತ್ತೆ ಕಿರಿದಾಗಿದ್ದವು. ಇನ್ನು ಪೂರ್ತಿ ಮುಚ್ಚಿ ಬಹಳ ದಿನವಾದ ನಾಳದಲ್ಲಿ ತಂತಿ ದಾಟುವುದೇ ಕಷ್ಟ, ಆ ಭಾಗದ ಶ್ವಾಸಕೋಶವೂ ಮುದುಡಿರುತ್ತದೆ. ಖಾಲೂಗೆ ದಾರದಷ್ಟು ಉಳಿದಿದ್ದ ನಾಳಕ್ಕೆ ಸ್ಟೆಂಟ್ ಹಾಕಿದರು. ಮುಚ್ಚಿಹೋಗಿದ್ದನ್ನು ತೆರೆಯಲು ಆಗಲಿಲ್ಲ. ಎರಡು ತಿಂಗಳು ಮುಂಚೆ ಬಂದಿದ್ದರೆ ಆಗುತ್ತಿತ್ತೇ ಎಂದು ನಾನು ಕೇಳಿದೆ. "ಬಹುಶಃ" ಎಂದರು ವೈದ್ಯರು. ಆ ಒಂದು ಪದ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಅಲ್ಲಿ ಸಮಯ ಇನ್ನೂ ಕಡಿಮೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ನಾಳಗಳು ಕಿರಿದಾಗಿರುತ್ತವೆ. ಅವಧಿಗೆ ಮುನ್ನ ಹುಟ್ಟಿ ಬಹಳ ದಿನ ಆಮ್ಲಜನಕದ ಮೇಲಿದ್ದ ಮಕ್ಕಳಲ್ಲೂ ಕಾಣುತ್ತದೆ. ಇನ್ನು ಕೆಲವರಲ್ಲಿ ನಾಲ್ಕೂ ನಾಳಗಳು ಎಡಕ್ಕೆ ಬರುವ ಬದಲು ಬೇರೆಡೆ ಸೇರಿ, ರಕ್ತ ಹೃದಯದ ಬಲಭಾಗಕ್ಕೇ ಹೋಗುತ್ತಿರುತ್ತದೆ. ಅಂಥ ಮಗು ನೀಲಿಗಟ್ಟುತ್ತದೆ, ಹುಟ್ಟಿದ ದಿನಗಳಲ್ಲೋ ವಾರಗಳಲ್ಲೋ ಆಪರೇಷನ್ ಬೇಕಾಗುತ್ತದೆ. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಆದರೂ ಬ್ರಿಟನ್, ಐರ್ಲೆಂಡ್, ಸ್ವೀಡನ್ ದೇಶಗಳ ಮಕ್ಕಳನ್ನು ಒಟ್ಟಿಗೆ ನೋಡಿದ ಅಧ್ಯಯನದಲ್ಲಿ ಸುಮಾರು ಆರರಲ್ಲಿ ಒಂದು ಮಗುವಿಗೆ ನಂತರ ನಾಳ ಕಿರಿದಾಗಿತ್ತು, ಬಹುತೇಕ ಮೊದಲ ಆರು ತಿಂಗಳಲ್ಲೇ.

ಹೊಲಿಗೆ ಹಾಕಿದ ನಾಳದ ಅಂಚು ಕಲೆಗಟ್ಟಿ ಬಿಗಿಯುತ್ತದೆಂದು, ಅಂಚನ್ನೇ ಮುಟ್ಟದೆ ಸುತ್ತಲಿನ ಪೊರೆಗೆ ಹೃದಯದ ಗೋಡೆಯನ್ನು ಹೊಲಿಯುವ ವಿಧಾನವನ್ನು ಶಸ್ತ್ರವೈದ್ಯರು 1990ರ ದಶಕದಲ್ಲಿ ಕಂಡುಕೊಂಡರು. ಅದರಿಂದ ಅನುಕೂಲವಾಗಿದೆ. ಬಲೂನ್, ಸ್ಟೆಂಟ್ ಮಕ್ಕಳಿಗೂ ಉಂಟು, ಮತ್ತೆ ಮತ್ತೆ ಮಾಡಬೇಕಾಗಬಹುದು. ಕಲೆಗಟ್ಟುವುದನ್ನು ತಡೆಯಲು ಸಿರೋಲಿಮಸ್‌ನಂಥ ಔಷಧಗಳನ್ನು ದೊಡ್ಡ ಕೇಂದ್ರಗಳಲ್ಲಿ ಪ್ರಯತ್ನಿಸುತ್ತಿದ್ದಾರೆ. ಎಲ್ಲ ಮಕ್ಕಳೂ ಉಳಿಯುತ್ತಾರೆಂದು ಹೇಳಲಾರೆ. ಬೇಗ ಬಂದವರಿಗೆ ದಾರಿಗಳು ಹೆಚ್ಚು.

ತಾಯಂದಿರೇ, ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತಿದೆಯೇ? ಎರಡು ಗುಟುಕಿಗೆ ಒಮ್ಮೆ ನಿಲ್ಲಿಸಿ ಏದುಸಿರು ಬಿಡುತ್ತಿದೆಯೇ? ಪದೇ ಪದೇ ನ್ಯುಮೋನಿಯಾ ಎನ್ನುತ್ತಿದ್ದಾರೆಯೇ? ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರದೆ ಮಲಗಿದೆಯೇ? ನಜರ್ ಎಂದು ಮೆಣಸಿನಕಾಯಿ ಸುಡುತ್ತ, ಕಲೌಂಜಿ ಎಣ್ಣೆ ಎದೆಗೆ ಉಜ್ಜುತ್ತ ವಾರಗಳನ್ನು ಕಳೆಯಬೇಡಿ. ದುಆ ಮಾಡಿ, ಜೊತೆಗೆ ಮಕ್ಕಳ ಹೃದ್ರೋಗ ತಜ್ಞರ ಎಕೋ ಮಾಡಿಸಿ. ಪುಟ್ಟ ಮಕ್ಕಳಲ್ಲಿ ಎದೆ ತೆಳ್ಳಗಿರುವುದರಿಂದ ಗಮನವಿಟ್ಟು ನೋಡಿದರೆ ಈ ನಾಳಗಳು ಎಕೋದಲ್ಲೇ ಕಾಣುತ್ತವೆ. ಅತ್ತೆಯಂದಿರಿಗೂ ಒಂದು ಮಾತು. ಇಂಥ ಮಗು ಹುಟ್ಟಿದರೆ ಸೊಸೆಯ ಮೇಲೆ ಗೂಬೆ ಕೂರಿಸಬೇಡಿ. ಗರ್ಭದ ಮೊದಲ ವಾರಗಳಲ್ಲಿ, ಬಸುರಿ ಎಂದು ಗೊತ್ತಾಗುವ ಹೊತ್ತಿಗೇ, ಈ ನಾಳಗಳ ಜೋಡಣೆ ನಡೆದುಹೋಗುತ್ತಿರುತ್ತದೆ. ಅವಳು ತಿಂದ ಪಪ್ಪಾಯಿಗೂ ಗ್ರಹಣದಲ್ಲಿ ಓಡಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ದಕ್ಷಿಣ ಬೆಂಗಳೂರಿನ ನಮ್ಮ ಅದೃಷ್ಟ ನೋಡಿ. ಜಯನಗರ 9ನೇ ಬ್ಲಾಕಿನ ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ. ಅತ್ತ ನಿಮ್ಹಾನ್ಸ್ ಪಕ್ಕದಲ್ಲಿ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಅಲ್ಲೇ ಹತ್ತಿರ ರಾಜೀವ್‌ಗಾಂಧಿ ಎದೆರೋಗಗಳ ಸಂಸ್ಥೆ. ಹೃದಯ, ಮಗು, ಎದೆ, ಮೂರಕ್ಕೂ ಸರಕಾರದ ಆಸ್ಪತ್ರೆಗಳು ಒಂದಕ್ಕೊಂದು ಆಟೋದ ದೂರದಲ್ಲಿವೆ. ರಾಯಚೂರು, ಬೀದರ್‌ನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಗೇಟಿನ ಹೊರಗೆ ಚಾಪೆ ಹಾಸುವವರು ನಮ್ಮನ್ನು ನೋಡಿ ಏನೆಂದುಕೊಳ್ಳಬೇಕು? 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಕೂಡ ಇದೆ. ಬನಶಂಕರಿ, ಜೆ.ಪಿ. ನಗರದವರು ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎರಡನೇ ನಿಲ್ದಾಣವೇ ಜಯದೇವ. ಬಿಟಿಎಂನವರಿಗೆ ಅದು ಪಕ್ಕದ ನಿಲ್ದಾಣ.

ಆದರೆ ಈ ಕಾಯಿಲೆ ಇರುವುದೇ ಆಸ್ಪತ್ರೆಗಳ ನಡುವಿನ ಸಂದಿಯಲ್ಲಿ. ಹೃದಯದವರು ಬಡಿತ ಸರಿಯಿದೆ ಎನ್ನುತ್ತಾರೆ. ಎದೆಯವರು ಕಫ ನೋಡುತ್ತಾರೆ. ಒಂದು ಕಡೆಯ ವಿಷಯ ಇನ್ನೊಂದು ಕಡೆಯ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಆ ವಿಷಯವನ್ನು ಹೊತ್ತು ನಡೆಯುವವರು ರೋಗಿಯ ಮನೆಯವರು ಮಾತ್ರ, ಅವರೇ ಬಾಯಿ ಬಿಡದಿದ್ದರೆ ಮುಗಿಯಿತು.

ತಪ್ಪೆಲ್ಲ ನಮ್ಮದೇ ಎಂದು ನಾನು ಒಪ್ಪುವುದಿಲ್ಲ. ಖಾಲೂ ಅವರ ಡಿಸ್ಚಾರ್ಜ್ ಸಮ್ಮರಿಯನ್ನು ಮೊನ್ನೆ ತೆಗೆದು ಓದಿದೆ. ಮೂರು ಪುಟ ಇಂಗ್ಲಿಷ್, ಅರ್ಧದಷ್ಟು ಬರಿ ಅಕ್ಷರಗಳ ಸಂಕ್ಷೇಪ. ಎಂಟನೇ ಕ್ಲಾಸು ಓದಿದ, ಬಟ್ಟೆ ವ್ಯಾಪಾರ ಮಾಡಿದ ಮನುಷ್ಯ ಅದರಿಂದ ಏನು ತಿಳಿಯಬೇಕು? ಅಬ್ಲೇಶನ್ ಮಾಡುವ, ಮಕ್ಕಳ ಹೃದಯದ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯೂ ಕನ್ನಡದಲ್ಲಿ, ಉರ್ದುವಿನಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ಸಾಲು ಬರೆದುಕೊಡಲಿ: "ಮುಂದಿನ ಒಂದು ವರ್ಷದಲ್ಲಿ ಕೆಮ್ಮು, ಏದುಸಿರು, ಕಫದಲ್ಲಿ ರಕ್ತ ಬಂದರೆ ನಮ್ಮಲ್ಲಿಗೆ ಬನ್ನಿ. ಬೇರೆ ವೈದ್ಯರ ಬಳಿ ಹೋದರೆ ಈ ಚೀಟಿ ತೋರಿಸಿ." ಒಂದು ರಬ್ಬರ್ ಸ್ಟಾಂಪಿನ ಖರ್ಚು. ಎದೆಯ ಒಪಿಡಿಯಲ್ಲಿ ಬಿಪಿ, ಶುಗರ್ ಕೇಳುವಾಗಲೇ ಹೃದಯದ ಪ್ರೊಸೀಜರ್ ಆಗಿದೆಯೇ ಎಂದೂ ಕೇಳಲಿ. ಕೇಳದಿದ್ದರೆ ನೀವೇ ಹೇಳಿ.

ಹಣದ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಒಂದು ಭಾಗದ ನೆರವು ಸಿಗುತ್ತದೆ. ನಿಮ್ಮ ಚಿಕಿತ್ಸೆ ಯಾವ ಪಟ್ಟಿಯಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. 18 ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ, ಶಾಲೆಗಳ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ನಮ್ಮ ಮೊಹಲ್ಲಾಗಳ ಝಕಾತ್ ಸಮಿತಿಗಳಿಗೂ ಒಂದು ವಿನಂತಿ. ರಂಝಾನ್ ಕಿಟ್ ಹಂಚುವ ಪಟ್ಟಿಯ ಜೊತೆ, ಸಿ.ಟಿ. ಮಾಡಿಸಲಾಗದೆ ಕೂತಿರುವ ಬಡವರ ಪಟ್ಟಿಯನ್ನೂ ಇಟ್ಟುಕೊಳ್ಳಿ.

ರಂಝಾನ್ ಎಂದಾಗ ನೆನಪಾಯಿತು. ಅಬ್ಲೇಶನ್ ಆದ ಹೊಸದರಲ್ಲಿ, ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಉಪವಾಸವೆಂದು ಹಗಲಿನ ಮಾತ್ರೆ ಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಮಾತ್ರೆ ಬಿಟ್ಟರೆ ಸ್ಟೆಂಟ್ ಮುಚ್ಚಬಹುದು, ಗಡ್ಡೆ ಮೆದುಳಿಗೂ ಹೋಗಬಹುದು. ಸಹರಿ, ಇಫ್ತಾರ್ ಸಮಯಕ್ಕೆ ಹೊಂದಿಸಲು ಆಗುತ್ತದೆಯೇ ಎಂದು ತಿಂಗಳು ಮುಂಚೆಯೇ ಹೃದ್ರೋಗ ತಜ್ಞರನ್ನು ಕೇಳಿ. ಆಗದಿದ್ದರೆ ರೋಗಿಗೆ ರಿಯಾಯಿತಿಯಿದೆ, ನಿಮ್ಮ ಆಲಿಮರ ಬಳಿ ಮಾತಾಡಿ. ಉಮ್ರಾಕ್ಕೆ ಹೊರಟವರು ಫೈಲಿನ ಪ್ರತಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ದೊಡ್ಡ ಲಗೇಜಿನಲ್ಲಿ ಬೇಡ.

ಮೈಸೂರಿನ ಸಂಬಂಧ ಏನಾಯಿತು ಎಂದು ನೀವು ಕೇಳುತ್ತೀರಿ. ಸ್ಟೆಂಟ್ ಹಾಕಿದ ಮೂರನೇ ದಿನ ಹುಡುಗನ ಮನೆಯವರು ಆಸ್ಪತ್ರೆಗೇ ಬಂದಿದ್ದರು, ಯಾರೋ ಅವರಿಗೆ ಹೇಳಿಬಿಟ್ಟಿದ್ದರು. ಹುಡುಗನ ತಾಯಿ ತಮ್ಮ ಪರ್ಸಿನಿಂದ ತಮ್ಮದೇ ಬೈಪಾಸ್ ಆಪರೇಷನ್ನಿನ ಕಾರ್ಡ್ ತೆಗೆದು ಖಾಲಾಗೆ ತೋರಿಸಿದರು. ನಿಕಾಹ್ ಶವ್ವಾಲ್‌ನಲ್ಲಿ ಆಯಿತು.

ಖಾಲೂ ಈಗ ಮಸೀದಿಗೆ ನಡೆದೇ ಹೋಗುತ್ತಾರೆ, ಮೆಟ್ಟಿಲಿನ ನಡುವೆ ಒಮ್ಮೆ ನಿಲ್ಲುತ್ತಾರೆ. ಸ್ಟೆಂಟ್ ಮತ್ತೆ ಕಿರಿದಾಗಿದೆಯೇ ನೋಡಲು ಬಕ್ರೀದ್ ಮುಗಿದ ವಾರ ಇನ್ನೊಂದು ಸಿ.ಟಿ. ಇದೆ. ಫೈಲ್ ಸೂಟ್‌ಕೇಸಿನಿಂದ ಇಳಿದು, ಪ್ಲಾಸ್ಟಿಕ್ ಕವರಿನಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಅದರ ಪ್ರತಿ ಪುಟದ ಫೋಟೋ ನನ್ನ ಮೊಬೈಲಿನಲ್ಲೂ, ಮೈಸೂರಿನ ಅಳಿಯನ ಮೊಬೈಲಿನಲ್ಲೂ ಇದೆ.